ಹಬ್ಬದ ಗೆಣ್ಣು: ಚಳ್ಳಕೆರೆ–ಮೊಳಕಾಲ್ಮೂರು ಸೀಮೆಯ ಪೀರಲಹಬ್ಬವೂ ಜಾವಾ–ಬಾಲಿ ದ್ವೀಪಗಳ ಪರ್ವಗಳೂ

೧

‘ಹಬ್ಬ’ ಎಂಬ ನುಡಿ ಕಿವಿಗೆ ಅಚ್ಚಗನ್ನಡವೆಂದು ಕೇಳಿಸಿದರೂ ಅದೊಂದು ತದ್ಭವ. ಸಂಸ್ಕೃತದ ‘ಪರ್ವ’ವು ‘ಪರ್ಬ’, ‘ಪಬ್ಬ’ ಎಂದಾಗಿ, ಪಕಾರವು ಹಕಾರಕ್ಕೆ ತಿರುಗಿದ ಕಾಲದಲ್ಲಿ ‘ಹಬ್ಬ’ವಾಗಿ ನೆಲೆನಿಂತಿತು. ಪರ್ವವೆಂದರೆ ಗೆಣ್ಣು, ಸಂದು. ಬೆರಳಿನ ಎಲುಬುಗಳು ಕೂಡುವೆಡೆ ಪರ್ವ. ಶುಕ್ಲ ಕೃಷ್ಣಪಕ್ಷಗಳು ಕೂಡುವ ಹುಣ್ಣಿಮೆ ಅಮಾವಾಸ್ಯೆಗಳು ಪರ್ವ. ಕಬ್ಬಿನ ಜಲ್ಲೆಯ ಗೆಣ್ಣೂ ಪರ್ವವೇ. ಕಬ್ಬು ನಾಟಿ ಮಾಡುವ ರೈತನು ಗೆಣ್ಣಿಲ್ಲದ ತುಂಡನ್ನು ನೆಲಕ್ಕಿಡುವುದಿಲ್ಲ. ಕಣ್ಣಿರುವುದು ಗೆಣ್ಣಿನಲ್ಲಿ, ಮೊಳಕೆಯೊಡೆಯುವುದೂ ಅಲ್ಲಿಯೇ. ಕಾಲವನ್ನು ಕಾಲಕ್ಕೆ, ಮನೆಯನ್ನು ಮನೆಗೆ ಕೂಡಿಸುವ ದಿನಕ್ಕೆ ಪೂರ್ವಿಕರು ಈ ಹೆಸರನ್ನಿಟ್ಟದ್ದು ಸಾರ್ಥಕವಾಗಿದೆ.

ಒಂದು ಮತವನ್ನು ಅನುಸರಿಸುವವರೇ ಹೆಚ್ಚಾಗಿರುವ ನಾಡಿನಲ್ಲಿ ಆ ಮತದ ಹಬ್ಬ ನಡೆಯುವುದು ಸಹಜ. ಅದನ್ನು ಅನುಸರಿಸುವವರು ಕೆಲವರೇ ಇರುವ ನಾಡಿನಲ್ಲಿ ಅದು ಹೇಗೆ ಬಾಳುತ್ತದೆ? ಯಾರ ಹೆಗಲ ಮೇಲೆ ನಿಲ್ಲುತ್ತದೆ? ಈ ಪ್ರಶ್ನೆಗೆ ಉತ್ತರ ಕೊಡಬಲ್ಲ ಎರಡು ನೆಲೆಗಳಿವೆ. ಹಿಂದೂಗಳೇ ಹೆಚ್ಚಾಗಿರುವ ಚಳ್ಳಕೆರೆ–ಮೊಳಕಾಲ್ಮೂರು ಸೀಮೆಯ ಮೊಹರಂ ಒಂದು. ನೂರಕ್ಕೆ ೮೭ರಷ್ಟು ಮಂದಿ ಮುಸಲ್ಮಾನರಾಗಿರುವ ಇಂಡೋನೇಷ್ಯದಲ್ಲಿ ನೂರಕ್ಕೆ ಇಬ್ಬರೂ ಇಲ್ಲದ ಹಿಂದೂಗಳ ಹಬ್ಬ ಮತ್ತೊಂದು. ಇವೆರಡನ್ನೂ ಎದುರುಬದುರು ಇಟ್ಟು ನೋಡಿದರೆ ಒಂದೇ ನಿಯಮ ಕಾಣುತ್ತದೆ: ಹಬ್ಬಕ್ಕೆ ಹೆಸರು ಬರುವುದು ಮತದಿಂದ, ಉಸಿರು ಬರುವುದು ನೆರೆಯವರಿಂದ.

೨

ಶೇಂಗಾ ಬೆಳೆಗೂ ಎಣ್ಣೆ ಗಿರಣಿಗಳಿಗೂ ಹೆಸರಾದ ಚಳ್ಳಕೆರೆ, ರೇಷ್ಮೆ ಸೀರೆಗೆ ಹೆಸರಾದ ಮೊಳಕಾಲ್ಮೂರು, ಇವೆರಡೂ ಚಿತ್ರದುರ್ಗ ಜಿಲ್ಲೆಯ ಒಣಬೇಸಾಯದ ತಾಲ್ಲೂಕುಗಳು. ಪಕ್ಕದಲ್ಲಿಯೇ ಆಂಧ್ರದ ಎಲ್ಲೆ; ಕನ್ನಡದ ಜೊತೆಗೆ ತೆಲುಗೂ ಇಲ್ಲಿ ಮನೆಮಾತು. ಈ ಸೀಮೆಯಲ್ಲಿ ಮೊಹರಮ್ಮಿಗೆ ‘ಪೀರಲಹಬ್ಬ’, ‘ಬಾಬಯ್ಯನ ಹಬ್ಬ’ ಎಂದು ಹೆಸರು. ಉತ್ತರ ಕರ್ನಾಟಕದಲ್ಲಿ ಇದೇ ‘ಅಲಾಯಿ ಹಬ್ಬ’, ‘ಅಲಾವಿ ಹಬ್ಬ’.

ಹಬ್ಬದ ಹಿಂದಿನ ಕಥೆ ದೂರದ್ದು. ಕ್ರಿ.ಶ. ೬೮೦ರಲ್ಲಿ, ಹಿಜರಿ ೬೧ನೆಯ ವರ್ಷದ ಮೊಹರಂ ತಿಂಗಳ ಹತ್ತನೆಯ ದಿನ, ಪೈಗಂಬರರ ಮೊಮ್ಮಗ ಹುಸೇನರು ಯುಫ್ರೆಟಿಸ್ ನದಿಗೆ ಸಮೀಪದ ಕರ್ಬಲಾ ಬಯಲಿನಲ್ಲಿ ಚಿಕ್ಕ ಪರಿವಾರದೊಡನೆ ಮಡಿದರು. ಮಡಿಯುವ ಮುನ್ನ ಅವರಿಗೆ ಹೊಳೆಯ ನೀರನ್ನೂ ತಡೆಹಿಡಿಯಲಾಗಿತ್ತು. ಆ ಶೋಕದ ಆಚರಣೆ ಬಿಜಾಪುರ, ಗೋಲ್ಕೊಂಡಗಳ ಸುಲ್ತಾನರ ಕಾಲದಲ್ಲಿ ದಖ್ಖನಿನಲ್ಲಿ ಬೇರೂರಿ ಹಳ್ಳಿಹಳ್ಳಿಗೂ ಹರಡಿತು. ಮಳೆಗಾಗಿ ಮುಗಿಲು ನೋಡುತ್ತ ಬಾಳುವ ಬಯಲುಸೀಮೆಯ ಜನಕ್ಕೆ ನೀರಿಲ್ಲದೆ ಮಡಿದವರ ಕಥೆಯನ್ನು ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಹಬ್ಬದ ದಿನ ದಾರಿಹೋಕರಿಗೆ ಪಾನಕ ಹಂಚುವ ರೂಢಿಯಲ್ಲಿ ಆ ಬಾಯಾರಿಕೆಯ ನೆನಪು ಉಳಿದಿದೆ.

ಮೊಹರಮ್ಮಿನ ಚಂದ್ರ ಕಂಡಮೇಲೆ ಪೀರಲ ಚಾವಡಿಯ ಮುಂದೆ ಗುದ್ದಲಿ ಹಾಕಿ ಅಲಾಯಿ ಕುಣಿಯನ್ನು ತೋಡುತ್ತಾರೆ. ಪೆಟ್ಟಿಗೆಯಲ್ಲಿದ್ದ ಪಂಜಾಗಳನ್ನು ತೆಗೆದು, ತೊಳೆದು, ಬಣ್ಣದ ವಸ್ತ್ರ ಸುತ್ತಿ ಕೂರಿಸುತ್ತಾರೆ. ಹರಕೆ ಹೊತ್ತವರು ಕೊರಳಿಗೆ ಲಾಡಿ ಹಾಕಿಕೊಂಡು ‘ಫಕೀರ’ರಾಗುತ್ತಾರೆ, ಕೆಲವರು ಹುಲಿವೇಷ ಹಾಕುತ್ತಾರೆ. ಸಕ್ಕರೆ, ಬೆಲ್ಲ, ಚೊಂಗೆಗಳನ್ನು ತಂದು ಓದಿಸಿಕೊಂಡು ಹೋಗುತ್ತಾರೆ. ಕತ್ತಲ ರಾತ್ರಿ ಕುಣಿಯ ಸುತ್ತ ಹಲಗೆಯ ಬಡಿತಕ್ಕೆ ಹೆಜ್ಜೆ ಹಾಕುತ್ತಾರೆ. ಹತ್ತನೆಯ ದಿನ ದೇವರು ‘ಹೊಳೆಗೆ ಹೋಗುತ್ತದೆ’. ಹೊಳೆಯಿಲ್ಲದ ಊರಿನಲ್ಲಿ ಕೆರೆಯೋ ಬಾವಿಯೋ ಹೊಳೆಯಾಗುತ್ತದೆ.

ಇಷ್ಟನ್ನೂ ನಡೆಸುವವರು ಯಾರೆಂಬುದೇ ಇಲ್ಲಿ ಮುಖ್ಯ. ಕಟ್ಟಿಗೆ ತರುವವರು ಒಂದು ಕುಲದವರು, ಹಲಗೆ ಬಾರಿಸುವವರು ಮತ್ತೊಂದು ಕುಲದವರು, ಪಂಜಾ ಹಿಡಿಯುವವರು ಇನ್ನೊಂದು ಕುಲದವರು. ಒಂದೇ ಒಂದು ಮುಸಲ್ಮಾನರ ಮನೆಯೂ ಇಲ್ಲದ ಹಳ್ಳಿಗಳಲ್ಲಿ ಹಿಂದೂಗಳೇ ಪೀರಲನ್ನು ಕೂರಿಸುವ ಪದ್ಧತಿ ಕನ್ನಡ ನಾಡಿನ ಹಲವೆಡೆ ಇದೆ. ರಾಯಚೂರು ಜಿಲ್ಲೆಯ ಮುದಗಲ್ಲಿನ ಮೊಹರಂ, ಗಡಿಯಾಚೆ ಅನಂತಪುರ ಜಿಲ್ಲೆಯ ಗೂಗೂಡಿನ ಕುಳ್ಳಾಯಿಸ್ವಾಮಿಯ ಉತ್ಸವ, ಇವು ಎರಡೂ ಮತದವರ ಯಾತ್ರಾಸ್ಥಾನಗಳಾಗಿವೆ. ಹರಕೆ ಫಲಿಸಿ ಹುಟ್ಟಿದ ಮಕ್ಕಳಿಗೆ ಕುಳ್ಳಾಯಪ್ಪ, ಬಾಬಯ್ಯ, ಫಕೀರಪ್ಪ, ಹುಸೇನಪ್ಪ ಎಂದು ಹೆಸರಿಟ್ಟ ಹಿಂದೂ ಮನೆಗಳು ಅನೇಕ. ಗೋವಿಂದಭಟ್ಟರ ಶಿಷ್ಯರಾದ ಶಿಶುನಾಳ ಶರೀಫರು (೧೮೧೯–೧೮೮೯) ತತ್ತ್ವಪದಗಳ ಜೊತೆಗೆ ಅಲಾವಿ ಪದಗಳನ್ನೂ ಹಾಡಿದರು. ಅವು ಇಂದಿಗೂ ಹೆಜ್ಜೆಮೇಳದವರ ಬಾಯಲ್ಲಿವೆ.

ಶಬ್ದಗಳನ್ನು ಪರಿಶೀಲಿಸಿದರೆ ಈ ಬೆಸುಗೆ ಇನ್ನೂ ಸ್ಪಷ್ಟವಾಗುತ್ತದೆ. ‘ಪೀರ’, ‘ಪಂಜಾ’ ಪಾರಸಿಯವು. ‘ಫಕೀರ’, ‘ತಾಬೂತು’ ಅರಬಿಯವು. ದರ್ಗಾಗಳಲ್ಲಿ ನಡೆಯುವ ‘ಉರುಸು’ ಕೂಡ ಅರಬಿಯದೇ. ಅದರ ಮೂಲಾರ್ಥ ಮದುವೆ, ಅಂದರೆ ಸಂತನ ಆತ್ಮವು ಪರಮಾತ್ಮನನ್ನು ಕೂಡಿದ ದಿನ. ಶರಣಸತಿ ಲಿಂಗಪತಿ ಎಂಬ ಭಾವವನ್ನು ಬಲ್ಲವರಿಗೆ ಈ ಅರ್ಥವು ಹೊಸತೆನಿಸದು. ಅಕ್ಷರವನ್ನೇ ಕಲಿಯದ ರೈತನೂ ತನ್ನ ಅತ್ಯಂತ ಆಪ್ತವಾದ ಹರಕೆಯನ್ನು ಅರಬಿ ಪಾರಸಿ ಮಾತುಗಳಲ್ಲಿ ಹೊರುತ್ತಾನೆ. ಅವು ಪರಭಾಷೆಯ ಮಾತುಗಳೆಂಬ ಅರಿವೂ ಅವನಿಗಿಲ್ಲ. ಇರಬೇಕಾದ ಅಗತ್ಯವೂ ಇಲ್ಲ.

೩

ಇನ್ನು ಕಾಲಗಣನೆಯ ವಿಚಾರ. ನಾಯಕನಹಟ್ಟಿಯ ತಿಪ್ಪೇರುದ್ರಸ್ವಾಮಿಗಳ ರಥೋತ್ಸವ ಫಾಲ್ಗುಣ ಬಹುಳದಲ್ಲಿ ಜರುಗುತ್ತದೆ. ಗೌರಸಮುದ್ರದ ಮಾರಮ್ಮನ ಜಾತ್ರೆ ಶ್ರಾವಣ ಕಳೆದು ಭಾದ್ರಪದ ಕಾಲಿಡುವ ಹೊತ್ತಿಗೆ ನಡೆಯುತ್ತದೆ. ಮೊದಲನೆಯದು ಎಂದಿಗೂ ಬೇಸಿಗೆಯ ಬಾಗಿಲಲ್ಲಿಯೇ. ಎರಡನೆಯದು ಎಂದಿಗೂ ಮಳೆಗಾಲದಲ್ಲಿಯೇ. ಪೀರಲಹಬ್ಬಕ್ಕೆ ಮಾತ್ರ ಇಂಥ ಋತುವೆಂಬ ಕಟ್ಟಿಲ್ಲ. ೨೦೦೦ದಲ್ಲಿ ಅದು ಏಪ್ರಿಲ್ ತಿಂಗಳ ಉರಿಬಿಸಿಲಿನಲ್ಲಿ ಬಂದಿತು. ೨೦೦೯ರಲ್ಲಿ ಡಿಸೆಂಬರಿನ ಚಳಿಯಲ್ಲಿ. ೨೦೨೫ರಲ್ಲಿ ಜುಲೈ ಮೊದಲ ವಾರ, ಪುನರ್ವಸು ಮಳೆಯ ಹೊತ್ತಿಗೆ, ಶೇಂಗಾ ಬಿತ್ತನೆಯ ದಿನಗಳಲ್ಲಿ.

ಕಾರಣ ಸರಳವಾದುದು. ಹನ್ನೆರಡು ಚಾಂದ್ರಮಾಸಗಳು ಕೂಡಿದರೆ ಸುಮಾರು ೩೫೪ ದಿನಗಳು. ಸೂರ್ಯನ ವರ್ಷಕ್ಕೆ ಇದು ಸುಮಾರು ೧೧ ದಿನ ಕಡಿಮೆ. ಈ ಕೊರತೆಯನ್ನು ತುಂಬಲು ಹಿಂದೂ ಪಂಚಾಂಗವು ೧೯ ವರ್ಷಗಳಲ್ಲಿ ೭ರಂತೆ ಅಧಿಕಮಾಸಗಳನ್ನು ಸೇರಿಸುತ್ತದೆ. ಹಿಜರಿ ಗಣನೆ ಅಧಿಕಮಾಸವನ್ನು ಒಪ್ಪುವುದಿಲ್ಲ. ಆದುದರಿಂದ ಅದರ ಹಬ್ಬಗಳು ವರ್ಷವರ್ಷವೂ ಹಿಂದಕ್ಕೆ ಜರುಗುತ್ತ ಸುಮಾರು ೩೩ ವರ್ಷಗಳಲ್ಲಿ ಋತುಚಕ್ರವನ್ನು ಒಮ್ಮೆ ಸುತ್ತಿ ಬರುತ್ತವೆ. ಅರವತ್ತಾರು ವರ್ಷ ಬಾಳಿದ ಹಳ್ಳಿಗನು ಆ ಸುತ್ತನ್ನು ಎರಡು ಬಾರಿ ಕಾಣುತ್ತಾನೆ. ಕೆಲವು ವರ್ಷ ಸುಗ್ಗಿಯ ನಡುವೆ, ಕೆಲವು ವರ್ಷ ಬರದ ನಡುವೆ ಹಬ್ಬ ಎದುರಾಗುತ್ತದೆ. ಬಿತ್ತನೆಯ ಅವಸರದಲ್ಲಿಯೂ ನೇಗಿಲನ್ನು ಮೂಲೆಗಿಟ್ಟು ಅಲಾಯಿ ಕುಣಿಗೆ ಕಟ್ಟಿಗೆ ಹೊತ್ತ ರೈತನು ನೆರೆಯವರಿಗಾಗಿ ತನ್ನ ದುಡಿಮೆಯ ಹೊತ್ತನ್ನೇ ಬಿಟ್ಟುಕೊಟ್ಟನೆಂಬುದು ಈ ಲೆಕ್ಕದಿಂದ ವಿದಿತವಾಗುತ್ತದೆ.

ಎರಡು ಗಣನೆಗಳನ್ನು ಕೂಡಿಸುವ ಯತ್ನಗಳೂ ನಡೆದಿವೆ. ಚಿತ್ರದುರ್ಗವು ೧೭೭೯ರಲ್ಲಿ ಹೈದರಾಲಿಯ ವಶವಾಯಿತು. ಅವನ ಮಗ ಟೀಪುವು ಮುಂದೆ ತಾನು ಜಾರಿಗೆ ತಂದ ಮೌಲೂದಿ ಗಣನೆಯಲ್ಲಿ ೬೦ ಸಂವತ್ಸರಗಳ ಚಕ್ರವನ್ನೂ ಅಧಿಕಮಾಸದ ಪದ್ಧತಿಯನ್ನೂ ಉಳಿಸಿಕೊಂಡನು. ಅದಕ್ಕೆ ಒಂದೂವರೆ ಶತಮಾನ ಮೊದಲೇ, ಕಡಲಾಚೆಯ ಜಾವಾ ದ್ವೀಪದಲ್ಲಿ ಮುಸಲ್ಮಾನ ದೊರೆಯೊಬ್ಬನು ಇದಕ್ಕಿಂತಲೂ ವಿಲಕ್ಷಣವಾದ ಒಂದು ಬೆಸುಗೆಯನ್ನು ಮಾಡಿದ್ದನು.

೪

ಜಾವಾದ ಮಾತರಂ ರಾಜ್ಯದ ಸುಲ್ತಾನ್ ಆಗುಂಗನು ಕ್ರಿ.ಶ. ೧೬೩೩ರಲ್ಲಿ ತನ್ನ ನಾಡಿನ ಕಾಲಗಣನೆಯನ್ನು ತಿದ್ದಿದನು. ಅಲ್ಲಿ ಅಲ್ಲಿಯವರೆಗೆ ಬಳಕೆಯಲ್ಲಿದ್ದುದು ಶಕವರ್ಷ. ಕನ್ನಡಿಗರು ಪಂಚಾಂಗದ ಮೊದಲ ಪುಟದಲ್ಲಿ ಓದುವ ಶಾಲಿವಾಹನ ಶಕವೇ ಅದು. ಆಗ ನಡೆಯುತ್ತಿದ್ದುದು ಶಕ ೧೫೫೫. ಸುಲ್ತಾನನು ತಿಂಗಳುಗಳನ್ನು ಹಿಜರಿಯ ಚಾಂದ್ರಮಾನಕ್ಕೆ ತಿರುಗಿಸಿದನು. ಆದರೆ ವರ್ಷದ ಅಂಕಿಯನ್ನು ಅಳಿಸಲಿಲ್ಲ. ಹಳೆಯ ೧೫೫೫ರಿಂದಲೇ ಹೊಸ ಎಣಿಕೆ ಮುಂದುವರಿಯಿತು. ಮೊದಲ ತಿಂಗಳಾದ ಮೊಹರಮ್ಮಿಗೆ ಅಲ್ಲಿ ‘ಸುರೋ’ ಎಂದು ಹೆಸರು. ಮೊಹರಮ್ಮಿನ ಹತ್ತನೆಯ ದಿನಕ್ಕಿರುವ ‘ಆಶೂರಾ’ ಎಂಬ ಹೆಸರಿನಿಂದಲೇ ಅದು ಹುಟ್ಟಿತು.

ನೆರೆಯ ಬಾಲಿ ದ್ವೀಪದ ಹಿಂದೂಗಳು ಹಳೆಯ ಶಕವನ್ನು ಅಧಿಕಮಾಸಸಮೇತ ಉಳಿಸಿಕೊಂಡರು. ಒಂದೇ ಬೇರಿನ ಎರಡು ಕವಲುಗಳು ಈಗ ಎಷ್ಟು ಅಂತರದಲ್ಲಿವೆಯೆಂಬುದನ್ನು ವಿದ್ಯಾರ್ಥಿಗಳು ಲೆಕ್ಕ ಹಾಕಿ ನೋಡಬಹುದು. ೨೦೨೩ರಲ್ಲಿ ಬಾಲಿಯಲ್ಲಿ ಶಕ ೧೯೪೫ ಆರಂಭವಾಯಿತು; ಅದೇ ವರ್ಷ ಜಾವಾದಲ್ಲಿ ಆರಂಭವಾದುದು ೧೯೫೭. ಚಾಂದ್ರವರ್ಷ ಚಿಕ್ಕದಾದುದರಿಂದ ೩೯೦ ವರ್ಷಗಳಲ್ಲಿ ಜಾವಾದ ಎಣಿಕೆ ೧೨ ವರ್ಷ ಮುಂದೆ ಓಡಿದೆ.

ಬಾಲಿಯ ಶಕ ವರ್ಷಾರಂಭಕ್ಕೆ ‘ನ್ಯೆಪಿ’ ಎಂದು ಹೆಸರು. ಅದು ಮೌನದ ಹಬ್ಬ. ಹಿಂದಿನ ಸಂಜೆ ಬೃಹದಾಕಾರದ ಭೂತಗಳ ಗೊಂಬೆಗಳನ್ನು ಗದ್ದಲದಿಂದ ಮೆರೆಸಿ, ಮರುದಿನ ಬೆಳಗಿನಿಂದ ಇಪ್ಪತ್ತನಾಲ್ಕು ಗಂಟೆಗಳ ಕಾಲ ದ್ವೀಪವೆಲ್ಲ ಸ್ತಬ್ಧವಾಗುತ್ತದೆ. ಬೆಂಕಿ ಬೆಳಕಿಲ್ಲ, ಕೆಲಸವಿಲ್ಲ, ಪಯಣವಿಲ್ಲ, ವಿನೋದವಿಲ್ಲ. ಈ ನಾಲ್ಕು ನಿಷೇಧಗಳಲ್ಲಿ ಬೆಂಕಿಗೆ ಅವರು ಹೇಳುವ ‘ಗೆನಿ’ಯಲ್ಲಿ ‘ಅಗ್ನಿ’ಯನ್ನೂ, ಕೆಲಸಕ್ಕೆ ಹೇಳುವ ‘ಕಾರ್ಯ’ದಲ್ಲಿ ಅದೇ ಶಬ್ದವನ್ನೂ ಕನ್ನಡಿಗರು ಕೂಡಲೇ ಗುರುತಿಸಬಲ್ಲರು. ವಿಮಾನ ನಿಲ್ದಾಣವೂ ಅಂದು ಮುಚ್ಚಿರುತ್ತದೆ. ಮುಸ್ಲಿಂ ಬಹುಸಂಖ್ಯಾತ ಇಂಡೋನೇಷ್ಯವು ೧೯೮೩ರಲ್ಲಿ ಈ ದಿನವನ್ನೂ ಬೌದ್ಧರ ವೈಶಾಖ ಹುಣ್ಣಿಮೆಯನ್ನೂ ಇಡೀ ದೇಶಕ್ಕೆ ರಜಾದಿನಗಳನ್ನಾಗಿ ಘೋಷಿಸಿತು.

ಅಧಿಕಮಾಸದ ಎಣಿಕೆಯಲ್ಲಿ ಭೇದವಿರುವುದರಿಂದ ನ್ಯೆಪಿಯೂ ಯುಗಾದಿಯೂ ಪ್ರತಿವರ್ಷ ಕೂಡಿಬರುವುದಿಲ್ಲ. ಆದರೆ ೨೦೨೩ರ ಮಾರ್ಚ್ ೨೨ರಂದು ಕೂಡಿಬಂದವು. ಚಳ್ಳಕೆರೆಯ ಮನೆಗಳಲ್ಲಿ ಬೇವು ಬೆಲ್ಲ ಹಂಚುತ್ತಿದ್ದ ದಿನವೇ ಬಾಲಿಯು ಮೌನದಲ್ಲಿ ಕುಳಿತಿತ್ತು. ಅಂದಿನ ರಾತ್ರಿಯೇ ಇಂಡೋನೇಷ್ಯದ ಮುಸಲ್ಮಾನರಿಗೆ ರಂಜಾನಿನ ಮೊದಲ ರಾತ್ರಿಯ ವಿಶೇಷ ಪ್ರಾರ್ಥನೆಯೂ ಒದಗಿತು. ಒಂದು ಹಬ್ಬವು ಮನೆಯಿಂದ ಹೊರಬರಬೇಡವೆನ್ನುತ್ತದೆ, ಇನ್ನೊಂದು ಮಸೀದಿಗೆ ಬಾ ಎನ್ನುತ್ತದೆ. ಎರಡು ಮತಗಳ ಹಿರಿಯರು ಮುಂಚೆಯೇ ಕೂಡಿ ಕುಳಿತು ಒಪ್ಪಂದ ಮಾಡಿಕೊಂಡರು: ಪ್ರಾರ್ಥನೆಗೆ ಹೋಗುವವರು ಹತ್ತಿರದ ಮಸೀದಿಗೆ ಕಾಲ್ನಡಿಗೆಯಲ್ಲಿ ಹೋಗುವುದು, ಧ್ವನಿವರ್ಧಕವನ್ನು ಬಳಸದಿರುವುದು. ನ್ಯೆಪಿಯ ದಿನ ಬೀದಿ ಕಾಯುವ ‘ಪೆಚಲಾಂಗ್’ ಎಂಬ ಹಿಂದೂ ಗ್ರಾಮರಕ್ಷಕರು ಈದ್ ಪ್ರಾರ್ಥನೆಯ ಹೊತ್ತಿನಲ್ಲಿ ಮಸೀದಿಗಳ ಹೊರಗೆ ಕಾವಲು ನಿಲ್ಲುವುದೂ ಅಲ್ಲಿ ರೂಢಿಯಲ್ಲಿದೆ.

ಶಬ್ದಗಳ ಸಾಕ್ಷ್ಯ ಇಲ್ಲಿಯೂ ಉಂಟು. ಇಂಡೋನೇಷ್ಯದ ಮುಸಲ್ಮಾನನು ರಂಜಾನಿನ ಉಪವಾಸಕ್ಕೆ ‘ಪುವಾಸಾ’ ಎನ್ನುತ್ತಾನೆ, ಅದು ‘ಉಪವಾಸ’ವೇ. ಅದರ ಪುಣ್ಯಕ್ಕೆ ‘ಪಹಲಾ’, ಅದು ‘ಫಲ’. ಪಾಪಕ್ಕೆ ‘ದೋಸಾ’, ಅದು ‘ದೋಷ’. ಸ್ವರ್ಗಕ್ಕೆ ‘ಸುರ್ಗಾ’, ಮತಧರ್ಮಕ್ಕೆ ‘ಅಗಾಮಾ’. ಮೊಳಕಾಲ್ಮೂರಿನ ಹಿಂದೂ ರೈತನು ಪಾರಸಿ ಮಾತಿನಲ್ಲಿ ಹರಕೆ ಹೊರುವಂತೆಯೇ ಜಾವಾದ ಮುಸಲ್ಮಾನ ರೈತನು ಸಂಸ್ಕೃತದ ಮಾತಿನಲ್ಲಿ ಉಪವಾಸ ಕೈಗೊಳ್ಳುತ್ತಾನೆ. ಇದರಿಂದ ಮೊದಲನೆಯವನ ಭಕ್ತಿಗೂ ಕುಂದಿಲ್ಲ, ಎರಡನೆಯವನ ನಿಷ್ಠೆಗೂ ಊನವಿಲ್ಲ. ಪೈಗಂಬರರ ಜನ್ಮದಿನದಂದು ಯೋಗ್ಯಕರ್ತದ ಅರಮನೆಯಿಂದ ಕಾಯಿಪಲ್ಯೆ, ಅನ್ನಗಳನ್ನು ಬೆಟ್ಟದಂತೆ ಒಟ್ಟಿ ಮಸೀದಿಗೆ ಮೆರವಣಿಗೆಯಲ್ಲಿ ಒಯ್ಯುತ್ತಾರೆ. ಜನ ಅದರ ಚೂರುಗಳನ್ನು ಕಿತ್ತುಕೊಂಡು ಹೋಗಿ ಹೊಲ ಫಲಿಸಲೆಂದು ಮಣ್ಣಿಗೆ ಸೇರಿಸುತ್ತಾರೆ. ಗೌರಸಮುದ್ರದ ಜಾತ್ರೆಯಲ್ಲಿ ಈರುಳ್ಳಿ ತೂರುವ ರೈತನಿಗೆ ಇದರ ಅರ್ಥವನ್ನು ವಿವರಿಸಬೇಕಾಗಿಲ್ಲ.

೫

ಮೊಹರಂ ಸಹ ಭಾರತದ ನೆಲದಿಂದ ಆ ದ್ವೀಪಗಳಿಗೆ ಪಯಣ ಮಾಡಿತು. ಸುಮಾತ್ರಾ ದ್ವೀಪದ ಬೆಂಕುಲು ಬಂದರು ೧೬೮೫ರಿಂದ ೧೮೨೫ರವರೆಗೆ ಆಂಗ್ಲರ ಕೈಯಲ್ಲಿತ್ತು. ಅವರ ಕೋಟೆಯನ್ನು ಕಾಯಲು ಭಾರತದಿಂದ ಹೋದ ಸಿಪಾಯಿಗಳು ಅಲ್ಲಿ ತಾಬೂತು ಕಟ್ಟಿದರು. ಬೆಂಕುಲುವಿನಲ್ಲಿ ಅದು ‘ತಾಬೋತ್’. ಅದೇ ದ್ವೀಪದ ಪರಿಯಾಮನ್ ಊರಿನಲ್ಲಿ ‘ತಾಬುಯಿಕ್’. ಆಚರಿಸುವವರು ಶಿಯಾ ಪಂಥದವರಲ್ಲ, ಸುನ್ನಿಗಳು. ಆದರೂ ಎತ್ತರವಾದ ತಾಬೂತುಗಳನ್ನು ಹೊತ್ತು, ತಮಟೆ ಬಡಿದು, ಕೊನೆಗೆ ಪರಿಯಾಮನ್ನಿನಲ್ಲಿ ಕಡಲಿಗೆ ಬಿಡುತ್ತಾರೆ. ಕರ್ಬಲಾದ ಒಂದು ಶೋಕವು ಬಯಲುಸೀಮೆಯಲ್ಲಿ ಬಾವಿಗೆ ಇಳಿಯುತ್ತದೆ, ಸುಮಾತ್ರಾದಲ್ಲಿ ಕಡಲಿಗೆ ಇಳಿಯುತ್ತದೆ. ತಾಬೂತೆಂಬ ಹೆಸರು ಎರಡೂ ಕಡೆ ಒಂದೇ. ಹೊರುವ ಹೆಗಲುಗಳು ಆಯಾ ನೆಲದವು.

೬

ಇಷ್ಟು ಹೇಳಿದಮೇಲೆ ಗೆಣ್ಣು ಮುರಿಯುವ ಬಗೆಯನ್ನೂ ಹೇಳದಿದ್ದರೆ ಪಾಠ ಅರ್ಧವಾದೀತು. ಇದೇ ಇಂಡೋನೇಷ್ಯದಲ್ಲಿ ಚೀನೀ ಮೂಲದವರ ಹೊಸವರ್ಷದ ಹಬ್ಬವನ್ನು ಬಹಿರಂಗವಾಗಿ ಆಚರಿಸಬಾರದೆಂದು ೧೯೬೭ರಲ್ಲಿ ಆಜ್ಞೆಯಾಯಿತು. ೨೦೦೦ದಲ್ಲಿ ಅಧ್ಯಕ್ಷ ಅಬ್ದುರ್ರಹಮಾನ್ ವಾಹಿದ್ ಅದನ್ನು ರದ್ದುಪಡಿಸುವವರೆಗೆ ೩೩ ವರ್ಷ ಆ ಹಬ್ಬ ಮನೆಯೊಳಗೆ ಅಡಗಿತ್ತು. ಮೊಹರಂ ಋತುಚಕ್ರವನ್ನು ಒಮ್ಮೆ ಸುತ್ತಿಬರುವಷ್ಟು ಕಾಲ ಅದು! ೨೦೦೩ರಿಂದ ಅದು ರಾಷ್ಟ್ರೀಯ ರಜಾದಿನ. ಬಾಂಗ್ಲಾದೇಶದಲ್ಲಿ ಹಿಂದೂಗಳು ನೂರಕ್ಕೆ ಎಂಟರಷ್ಟು. ವಿಜಯದಶಮಿಗೆ ಅಲ್ಲಿ ಸರಕಾರಿ ರಜೆಯುಂಟು. ಆದರೂ ೨೦೨೧ರ ಅಕ್ಟೋಬರಿನಲ್ಲಿ, ಕುಮಿಲ್ಲಾ ನಗರದ ಪೂಜಾಮಂಟಪವೊಂದರಲ್ಲಿ ಕುರಾನಿಗೆ ಅಗೌರವವಾಯಿತೆಂಬ ಸುದ್ದಿಯ ಬೆನ್ನಿಗೆ ಹಲವು ಜಿಲ್ಲೆಗಳಲ್ಲಿ ದುರ್ಗಾಪೂಜೆಯ ಮಂಟಪಗಳ ಮೇಲೆ ದಾಳಿಗಳಾದವು, ಜೀವಗಳೂ ಹೋದವು. ರಜೆಯನ್ನು ಸರಕಾರ ಕೊಡಬಲ್ಲುದು. ನೆರೆಯವರ ಮನಸ್ಸನ್ನು ಕೊಡಲಾರದು.

ದೂರದವರ ತಪ್ಪನ್ನು ಎಣಿಸುವಾಗ ಹತ್ತಿರದ್ದನ್ನು ಮರೆಯುವುದು ನ್ಯಾಯವಲ್ಲ. ೨೦೨೨ರ ಮಾರ್ಚ್ ತಿಂಗಳಲ್ಲಿ ಕರ್ನಾಟಕದ ಕರಾವಳಿಯ ಕೆಲವು ಜಾತ್ರೆಗಳಲ್ಲಿ ಮುಸಲ್ಮಾನ ವ್ಯಾಪಾರಿಗಳಿಗೆ ಅಂಗಡಿಯಿಡಲು ಅವಕಾಶ ನಿರಾಕರಿಸಲಾಯಿತು. ಬಳೆ, ಬತ್ತಾಸು, ಆಟಿಕೆಗಳ ಅಂಗಡಿಗಳಿಲ್ಲದ ಜಾತ್ರೆ ಎಂಥದು? ಇತ್ತ ಪೀರಲಹಬ್ಬಕ್ಕೂ ಎರಡು ಕಡೆಯಿಂದ ಆಕ್ಷೇಪವುಂಟು. ‘ಇದು ನಮ್ಮ ದೇವರಲ್ಲ’ ಎನ್ನುವವರು ಒಂದು ಕಡೆ. ‘ಇದು ನಮ್ಮ ಮತಕ್ಕೆ ಸಮ್ಮತವಲ್ಲ’ ಎನ್ನುವವರು ಇನ್ನೊಂದು ಕಡೆ. ಇಬ್ಬರೂ ತಮ್ಮ ತಮ್ಮ ಶಾಸ್ತ್ರವನ್ನು ಶುದ್ಧಗೊಳಿಸುತ್ತಿರುವುದಾಗಿ ನಂಬಿದ್ದಾರೆ. ಇಬ್ಬರ ಮಾತೂ ನಡೆದರೆ ಚಾವಡಿಯ ಪೆಟ್ಟಿಗೆ ಮುಚ್ಚಿಯೇ ಉಳಿಯುತ್ತದೆ. ಹಲಗೆಯವನೂ ಕಟ್ಟಿಗೆಯವನೂ ಪಂಜಾ ಹಿಡಿಯುವವನೂ ವರ್ಷಕ್ಕೊಮ್ಮೆಯಾದರೂ ಒಂದೆಡೆ ನಿಲ್ಲುತ್ತಿದ್ದ ಕಾರಣವೇ ಇಲ್ಲವಾಗುತ್ತದೆ.

ಇದು ಕನ್ನಡಿಗರ ಮನೆಬಾಗಿಲಿಗೇ ಬಂದಿರುವ ವಿಚಾರವೂ ಹೌದು. ವಿದ್ಯಾವಂತ ತರುಣರು ಅನೇಕರು ಇಂದು ಅರಬ್ಬರ ನಾಡುಗಳಲ್ಲಿ ದುಡಿಯುತ್ತಿದ್ದಾರೆ. ಯುಗಾದಿಯನ್ನೂ ರಾಜ್ಯೋತ್ಸವವನ್ನೂ ಅಲ್ಲಿಯೇ ಆಚರಿಸುತ್ತಾರೆ. ದುಬೈಯ ಜೆಬೆಲ್ ಅಲಿಯಲ್ಲಿ ೨೦೨೨ರಲ್ಲಿ ಹಿಂದೂ ದೇವಾಲಯ ತೆರೆಯಿತು. ಅಬುಧಾಬಿಯಲ್ಲಿ ದೊರೆತನದವರು ಕೊಟ್ಟ ೨೭ ಎಕರೆ ನೆಲದಲ್ಲಿ ಕಟ್ಟಿದ ದೇವಾಲಯವು ೨೦೨೪ರ ಫೆಬ್ರವರಿ ೧೪, ವಸಂತಪಂಚಮಿಯಂದು ಉದ್ಘಾಟನೆಯಾಯಿತು. ಅಲ್ಲಿ ಅಲ್ಪಸಂಖ್ಯಾತನಾಗಿ ನಿಂತು ನೆರೆಯವನ ಔದಾರ್ಯದಲ್ಲಿ ದೀಪ ಹಚ್ಚಿದವನು ಊರಿಗೆ ಮರಳಿದಾಗ, ತನ್ನೂರಿನ ಚಾವಡಿಯ ಪಂಜಾವನ್ನು ಹೊಸ ಕಣ್ಣಿನಿಂದ ನೋಡಬೇಕಾಗುತ್ತದೆ. ಅಲ್ಲಿ ಬೇಡಿದ್ದನ್ನು ಇಲ್ಲಿ ಕೊಡುವುದು ಅವನ ಪಾಲಿನ ಋಣ.

೭

ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರ, ಈ ಮೂರೂ ಕಡೆ ಅಶೋಕನ ಶಾಸನಗಳಿವೆ. ಬಿ. ಎಲ್. ರೈಸ್ ಅವರು ೧೮೯೨ರಲ್ಲಿ ಇವನ್ನು ಬೆಳಕಿಗೆ ತಂದರು. ತಂದೆತಾಯಿಗಳ ಸೇವೆ, ಪ್ರಾಣಿದಯೆ, ಸತ್ಯ, ಶಿಷ್ಯರು ಗುರುವಿಗೆ ತೋರಬೇಕಾದ ಗೌರವ, ಇವು ಅಲ್ಲಿಯ ಬೋಧೆ. ಕಲಬುರಗಿ ಜಿಲ್ಲೆಯ ಸನ್ನತಿಯಲ್ಲಿ ಅವನ ಹನ್ನೆರಡನೆಯ ಶಿಲಾಶಾಸನದ ಭಾಗಗಳು ದೊರೆತಿವೆ. ತನ್ನ ಮತದ ಮೇಲಣ ಅಭಿಮಾನದಿಂದ ಪರಮತವನ್ನು ಹಳಿಯುವವನು ತನ್ನ ಮತಕ್ಕೇ ಹೆಚ್ಚಿನ ಹಾನಿ ಮಾಡುತ್ತಾನೆಂಬುದು ಆ ಶಾಸನದ ತಾತ್ಪರ್ಯ. ಇಪ್ಪತ್ತೆರಡು ಶತಮಾನಗಳಿಗೂ ಹಿಂದೆ ಈ ನಾಡಿನ ಕಲ್ಲು ಕಲಿತ ಪಾಠವನ್ನು ಇಂದಿನ ವಿದ್ಯಾರ್ಥಿಗೆ ಕಲಿಸುವುದು ಉಪಾಧ್ಯಾಯರಿಗೆ ಕಷ್ಟವಾಗಬಾರದು.

ಕಲಿಸುವ ಬಗೆಯೂ ಸುಲಭವೇ. ಪೀರಲಹಬ್ಬದ ಮಾತುಗಳನ್ನೂ ಕುಣಿತದ ಹೆಸರುಗಳನ್ನೂ ಯಾವ ಮನೆತನದವರಿಗೆ ಯಾವ ಸೇವೆ ಎಂಬುದನ್ನೂ ಬಲ್ಲ ಹಿರಿಯರು ಈ ಸೀಮೆಯ ಹಳ್ಳಿಗಳಲ್ಲಿ ಇನ್ನೂ ಇದ್ದಾರೆ, ದಿನದಿನಕ್ಕೆ ಕಡಿಮೆಯಾಗುತ್ತಿದ್ದಾರೆ. ಒಂದೊಂದು ತರಗತಿಯ ಮಕ್ಕಳು ತಮ್ಮ ತಮ್ಮ ಊರಿನ ಅಂಥ ಹಿರಿಯರನ್ನು ಕೇಳಿ ಒಂದೊಂದು ಪುಸ್ತಕದಲ್ಲಿ ಬರೆದಿಟ್ಟರೆ ಅದು ಶಾಲೆಯ ಭಂಡಾರವಾದೀತು. ಗಣಿತದ ಉಪಾಧ್ಯಾಯರು ಗೋಡೆಯ ಪಂಚಾಂಗವನ್ನು ತೆಗೆದು ಯುಗಾದಿ ಏಕೆ ಋತುವಿಗೆ ಕಟ್ಟುಬಿದ್ದಿದೆ, ಮೊಹರಂ ಏಕೆ ತಿರುಗುತ್ತದೆ ಎಂಬುದನ್ನು ಲೆಕ್ಕ ಹಾಕಿಸಬಹುದು. ಪರದೇಶದಲ್ಲಿರುವ ಹಳೆಯ ವಿದ್ಯಾರ್ಥಿಗಳು ತಾವಿರುವ ನಾಡಿನಲ್ಲಿ ತಮ್ಮ ಹಬ್ಬಕ್ಕೆ ನೆರೆಯವರು ಹೇಗೆ ನೆರವಾದರೆಂಬುದನ್ನು ಬರೆದು ಕಳುಹಿಸಬಹುದು. ದಾನಿಗಳು ಆ ಬರಹಗಳನ್ನು ಅಚ್ಚುಹಾಕಿಸಬಹುದು. ಇವೆಲ್ಲಕ್ಕೂ ಮೊದಲು, ಬರುವ ಮೊಹರಮ್ಮಿಗೆ ಊರಿನ ಚಾವಡಿಯ ಮುಂದೆ ಗುದ್ದಲಿ ಬಿದ್ದಾಗ, ಒಂದು ಹೊರೆ ಕಟ್ಟಿಗೆಯನ್ನು ಹೊತ್ತು ತರುವ ಹುಡುಗನೊಬ್ಬನು ಪ್ರತಿ ಮನೆಯಿಂದಲೂ ಹೊರಡಬೇಕು.